ನಮ್ಮ ಜನ ಮುಗ್ಧರಲ್ಲ, ತಿಳಿದೋರು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು,

ಹೋದ ವಾರ ನಿಮ್ಮ ಪೇಪರಿನ ವಾಚಕರ ಪತ್ರದ ಕಾಲಮ್ಮಿನಾಗ ಹಿರಿಯರೊಬ್ಬರು ಬರ್ದಿದ್ರು, ರಾಯಚೂರು ಕೊಪ್ಪಳ ಬಳ್ಳಾರಿ ಕಡೆ ಹಳ್ಳಿ ಜನ ಮೊದ್ಲು ಎಷ್ಟು ಮುಗ್ಧರಿದ್ರು, ಈಗ ಮೊಬೈಲು ಕಾಲೇಜು ಅಂತ ಎಲ್ಲಾ ಬಂದು ಆ ಮುಗ್ಧತೆ ಹಾಳಾಗಿ ಹೋತು, ಜ್ಞಾನ ಬಂತಂದ್ರ ಮುಗ್ಧತೆ ಉಳಿಯಂಗಿಲ್ಲ, ಏನು ಮಾಡಾಕ ಬರ್ತದ ಅಂತ. ಅವರು ನಮ್ಮ ಕಡೆ ಮ್ಯಾಲಿನ ಪ್ರೀತಿಗೇ ಬರ್ದಾರ, ಅದು ಓದಿದ್ರ ಗೊತ್ತಾಗ್ತದ. ಆದ್ರ ಆ ಪತ್ರ ಓದಿದಾಗಿಂದ ನನಗ ಸುಮ್ಮನ ಕುಂದ್ರಾಕ ಆಗವಲ್ದು. ಯಾಕಂದ್ರ ಇದು ಅವರೊಬ್ಬರ ಮಾತಲ್ಲ. ಬರಗಾಲದ ಸುದ್ದಿ ಬರೀಲಿ, ಗುಳೇ ಹೋಗೋರ ಸುದ್ದಿ ಬರೀಲಿ, ಚುನಾವಣೆ ಸುದ್ದಿ ಬರೀಲಿ, ನಮ್ಮ ಭಾಗದ ಜನ ಅಂದ ಕೂಡ್ಲೆ ಹಿಂದೊಂದು ‘ಮುಗ್ಧ’ ಅಂತ ಹಚ್ಚಿಬಿಡ್ತಾರ, ಟೀವಿಯವ್ರೂ ಹಚ್ತಾರ, ಭಾಷಣ ಮಾಡೋರೂ ಹಚ್ತಾರ, ನಿಮ್ಮ ಪೇಪರಿನಾಗೂ ಬರ್ತದ.

ನಾನು ಮಾನ್ವಿ ತಾಲೂಕಿನ ಹಳ್ಳಿಯಕಿ, ರಾಯಚೂರಿನಾಗ ಬಿ.ಎ. ಕೊನೆ ವರ್ಷ ಓದ್ತೀನಿ, ಐಚ್ಛಿಕ ಕನ್ನಡ. ತತ್ವಶಾಸ್ತ್ರ ಅನ್ನೋದು ನಮ್ಮ ಕಾಲೇಜಿನಾಗ ಸಬ್ಜೆಕ್ಟೇ ಇಲ್ಲ, ನಮ್ಮ ಕನ್ನಡ ಮೇಡಂ ಒಬ್ಬರು ಕೊಟ್ಟ ಪುಸ್ತಕ, ಲೈಬ್ರರಿಯಾಗ ಸಿಕ್ಕದ್ದು, ಮೊಬೈಲಿನಾಗ ಸಿಕ್ಕ ಪಿಡಿಎಫ್, ಹಿಂಗ ಓದ್ಕೋತ ಬಂದೀನಿ. ಸತ್ಯ ಅಂದ್ರೇನು, ತಿಳಿಯೋದು ಅಂದ್ರೇನು, ಮುಗ್ಧತೆ ಅಂದ್ರೇನು ಅಂತ ಬಾಳ ದಿನದಿಂದ ತಲಿಯಾಗ ಕೊರೀತಿತ್ತು. ಆ ಪತ್ರ ಓದಿದ ಮ್ಯಾಲೆ ಇದನ್ನ ಬರೀಲೇಬೇಕು ಅನ್ನಿಸ್ತು.

ಮೊದ್ಲು ಕೋಳೂರ ಕೊಡಗೂಸಿನ ಕತಿ ತಗೊಳ್ಳೋಣ. ಮುಗ್ಧತೆ ಅಂದ್ರ ನಮ್ಮ ಸಾಹಿತ್ಯದಾಗ ಎಲ್ಲಾರೂ ತೋರಿಸೋದು ಅಕಿನ್ನೇ. ಹರಿಹರ ಬರ್ದ ರಗಳೆ ಅದು. ಹರಿಹರ ಅಂದ್ರ ನಮಗ ದೂರದವನಲ್ಲ, ಹಂಪಿ ವಿರೂಪಾಕ್ಷನ ಸನ್ನಿಧಿಯೊಳಗ ಕುಂತು ಬರ್ದಾವ. ಕತಿ ನಿಮಗೆಲ್ಲಾ ಗೊತ್ತಿದ್ದದ್ದೇ, ಅಪ್ಪ ದಿನಾಲೂ ಕಲ್ಲಿನಾಥನಿಗೆ ಹಾಲು ಎಡಿ ಹಿಡೀತಿದ್ದ, ಊರಿಗೆ ಹೋಗೋ ಕೆಲಸ ಬಂತು, ಮಗಳಿಗೆ ಹೇಳಿ ಹೋದ. ಹುಡುಗಿ ಹಾಲು ಕಾಸಿ ತಗೊಂಡು ಹೋಗಿ ದೇವರ ಮುಂದ ಇಟ್ಟಳು, ದೇವರು ಕುಡೀಲಿಲ್ಲ. ಅಪ್ಪ ಇಟ್ರ ಕುಡೀತಿ ನಾ ಇಟ್ರ ಯಾಕ ಒಲ್ಲಿ ಅಂತ ಅತ್ತಳು, ಬೇಡಿಕೊಂಡಳು, ಕಡೀಕ ತಲಿ ಜಜ್ಜಿಕೊಳ್ಳಾಕ ಹೋದಳು, ಶಿವ ಬಂದು ಕುಡಿದ. ಅಪ್ಪ ವಾಪಸ್ ಬಂದು ಹಾಲೆಲ್ಲಿ ಅಂತ ಕೇಳಿದ, ದೇವರು ಕುಡಿದ ಅಂದಳು, ಅವ ನಂಬಲಿಲ್ಲ, ನೀನೇ ಕುಡಿದು ಸುಳ್ಳು ಹೇಳ್ತಿ ಅಂದ. ಗುಡಿಗೆ ಕರ್ಕೊಂಡು ಹೋಗಿ ನನ್ನ ಕಣ್ಣ ಮುಂದ ಕುಡಿಸು ಅಂದ, ದೇವರು ಆಗ ಕುಡೀಲಿಲ್ಲ, ಅಪ್ಪ ಹೊಡಿಯಾಕ ಬೆನ್ನು ಹತ್ತಿದ, ಹುಡುಗಿ ಹೋಗಿ ಲಿಂಗ ಅಪ್ಪಿಕೊಂಡಳು, ಲಿಂಗದೊಳಗ ಸೇರಿಹೋದಳು, ಅಪ್ಪನ ಕೈಯಾಗ ಸಿಕ್ಕದ್ದು ಕೂದಲಷ್ಟೇ.

ಇದನ್ನ ಕ್ಲಾಸಿನಾಗ ಪಾಠ ಮಾಡಿದಾಗ ‘ನೋಡ್ರಿ ಎಂಥ ಮುಗ್ಧ ಭಕ್ತಿ’ ಅಂತಾರ, ಅಲ್ಲಿಗೆ ಮುಗೀತು. ನನಗ ಮಾತ್ರ ಅಪ್ಪನ ಬಗ್ಗೆನೇ ಪ್ರಶ್ನೆ. ದಿನಾ ದೇವರ ಮುಂದ ಹಾಲು ಇಡ್ತಿದ್ದವ ಯಾರು, ಅವನೇ. ಇಡು ಅಂತ ಮಗಳಿಗೆ ಹೇಳಿದವ ಯಾರು, ಅವನೇ. ಹುಡುಗಿ ಅಪ್ಪನ ಮಾತನ್ನ, ಅಪ್ಪನ ನಡತಿಯನ್ನ ಪೂರಾ ನಿಜ ಅಂತ ಹಿಡಿದಳು, ಅಪ್ಪಗ ಮಾತ್ರ ತಾನು ಮಾಡೋದರ ಮ್ಯಾಲೆ ತನಗೇ ನಂಬಿಕಿ ಇರಲಿಲ್ಲ. ಹಂಗಾದ್ರ ಈ ಕತಿಯೊಳಗ ತಿಳಿದಾವ ಯಾರು, ತಿಳೀದವ ಯಾರು? ಏನು ನಡೀತು ಅಂತ ಕಣ್ಣಾರೆ ಕಂಡಾಕಿ ಅಕಿ. ಅಪ್ಪ ಅಲ್ಲಿರಲೇ ಇಲ್ಲ. ಆದ್ರೂ ಸುಳ್ಳಿ ಅನ್ನಿಸಿಕೊಂಡಾಕಿ ಅಕಿ, ಯಾಕಂದ್ರ ಅಕಿ ಸಣ್ಣಾಕಿ, ಹೆಣ್ಣುಹುಡುಗಿ, ಅಕಿ ಮಾತಿಗೆ ಪ್ರೂಫ್ ಬೇಕು. ದೇವರು ಹಾಲು ಕುಡಿಯೋದು ಖರೇನ ಸುಳ್ಳ ಅನ್ನೋ ವಾದ ನನಗೆ ಬೇಕಾಗಿಲ್ಲ, ಕತಿಯೊಳಗ ಅದು ನಡೆದದ್ದು. ನಡೆದದ್ದನ್ನ ಹೇಳಿದವರನ್ನ ನಂಬದೆ ಕೊಂದು, ಆಮ್ಯಾಲೆ ಮುಗ್ಧೆ ಅಂತ ಪೂಜಿ ಮಾಡೋದು, ಇದೇ ನನಗ ಕಾಡೋದು.

ಈಗ ನ್ಯಾಯಶಾಸ್ತ್ರಕ್ಕ ಬರ್ತೀನಿ. ನಮ್ಮ ದೇಶದ ಹಳೇ ತರ್ಕದವರು ತಿಳುವಳಿಕಿ ಬರೋ ದಾರಿ ನಾಕು ಅಂದ್ರು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಣ್ಣಿಲೆ ಕಾಣೋದು, ಹೊಗಿ ನೋಡಿ ಬೆಂಕಿ ಅದ ಅಂತ ಊಹೆ ಮಾಡೋದು, ಹೋಲಿಸಿ ತಿಳಿಯೋದು, ಮತ್ತ ನಂಬೋ ಅಂಥವರು ಹೇಳಿದ್ದನ್ನ ಕೇಳಿ ತಿಳಿಯೋದು. ನಾಕನೇದು ಶಬ್ದ ಅಂತ ಅದ ನೋಡ್ರಿ, ಅದರ ಬಗ್ಗೆ ಓದಿದಾಗ ನನಗ ಮೈ ಝುಂ ಅಂತು. ಯಾರ ಮಾತನ್ನ ಪ್ರಮಾಣ, ಅಂದ್ರ ತಿಳುವಳಿಕಿಗೆ ಆಧಾರ, ಅಂತ ಹಿಡೀಬೇಕು? ಆಪ್ತನ ಮಾತನ್ನ. ಆಪ್ತ ಅಂದ್ರ ಯಾರು? ಆ ತರ್ಕದವರ ಮೂಲ ಗ್ರಂಥ ನ್ಯಾಯಸೂತ್ರಕ್ಕ ಭಾಷ್ಯ ಬರ್ದ ವಾತ್ಸ್ಯಾಯನ ಹೇಳ್ತಾನ, ಯಾರು ವಿಷಯವನ್ನ ತಾನೇ ನೇರವಾಗಿ ಕಂಡು ತಿಳಿದಾನೋ, ಕಂಡದ್ದನ್ನ ಕಂಡಂಗ ಹೇಳಬೇಕು ಅನ್ನೋ ಮನಸ್ಸಿಲೆ ಹೇಳ್ತಾನೋ ಅವನೇ ಆಪ್ತ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಹುಟ್ಟು ಕೇಳಂಗಿಲ್ಲ, ಓದು ಎಷ್ಟಾಗ್ಯದ ಅಂತ ಕೇಳಂಗಿಲ್ಲ, ನೀ ಕಂಡಿಯಾ, ಕಂಡಂಗ ಹೇಳ್ತಿಯಾ, ಎರಡೇ ಪ್ರಶ್ನೆ. ಸಾವಿರದೈನೂರು ವರ್ಷದ ಸುಮಾರು ಹಳೇ ಮಾತಿದು, ಇವತ್ತಿಗೂ ನಮ್ಮ ಆಫೀಸುಗಳಾಗ ಇದು ಬಂದಿಲ್ಲ.

ನಮ್ಮಜ್ಜಿ ಓದು ಬರಹ ಕಲ್ತಾಕಿ ಅಲ್ಲ. ನಮ್ಮದು ಎರಿ ಹೊಲ, ಹಿಂಗಾರಿ ಜೋಳ ಹಾಕ್ತೀವಿ. ಉತ್ತರಿ ಮಳಿ ಬಿದ್ದು ನಿಂತ ಮ್ಯಾಲೆ ಬಿತ್ತಿಗಿ ಯಾವತ್ತು ಮಾಡಬೇಕು ಅನ್ನೋದು ಮನಿಯಾಗ ಅಜ್ಜಿ ಮಾತಿನ ಮ್ಯಾಲೆ ನಡೀತಿತ್ತು. ಹೊಲಕ್ಕ ಹೋಗ್ತಾಳ, ಕೆಳಗಿನ ಮಣ್ಣು ಒಂದು ಮುಟಗಿ ತಗೊಂಡು ಹಿಸುಕ್ತಾಳ, ಉಂಡಿ ಮಾಡಿ ಬಿಡ್ತಾಳ, ಅದು ಹೆಂಗ ಒಡೀತದ ಅಂತ ನೋಡ್ತಾಳ, ಹದ ಬಂದದ ಅಂತಾಳ ಇಲ್ಲಾ ಇನ್ನೆರಡು ದಿನ ತಡೀರಿ ಅಂತಾಳ. ಯಾಕ ಅಂತ ಕೇಳಿದ್ರ ಅಕಿಗೆ ಪುಸ್ತಕದ ಭಾಷೆಯಾಗ ಹೇಳಾಕ ಬರಂಗಿಲ್ಲ, ಕೈಗೆ ಗೊತ್ತಾಗ್ತದ ಅಂತಾಳ. ಇದು ತಿಳುವಳಿಕಿ ಅಲ್ಲೇನು? ಗಿಲ್ಬರ್ಟ್ ರೈಲ್ ಅನ್ನೋ ಇಂಗ್ಲೆಂಡಿನ ತತ್ವಶಾಸ್ತ್ರಿ 1949ರಾಗ ಬರ್ದ ಪುಸ್ತಕದೊಳಗ ಇದನ್ನೇ ವಾದ ಮಾಡ್ಯಾನ, ಇಂಥಾದ್ದು ಹಿಂಗದ ಅಂತ ತಿಳಿಯೋದು ಬ್ಯಾರೆ, ಹೆಂಗ ಮಾಡೋದು ಅಂತ ತಿಳಿಯೋದು ಬ್ಯಾರೆ, ಎರಡನೇದು ಮೊದಲನೇದರ ಬಾಲ ಅಲ್ಲ, ಮೊದ್ಲು ತಲಿಯಾಗ ಸಿದ್ಧಾಂತ ಇಟ್ಕೊಂಡು ಆಮ್ಯಾಲೆ ಕೈ ಕೆಲಸ ಮಾಡ್ತದ ಅನ್ನೋದೇ ಸುಳ್ಳು ಅಂತ. ಅದನ್ನ ಓದುವಾಗ ನನಗ ಅಜ್ಜಿ ಕೈಯೇ ಕಣ್ಣ ಮುಂದ ಬಂತು. ಆದ್ರ ಕೃಷಿ ಬಗ್ಗೆ ಏನರ ಮೀಟಿಂಗ್ ಆದಾಗ ಅಜ್ಜಿಯಂಥವರನ್ನ ಮುಂದಿನ ಸಾಲಿನಾಗ ಕುಂದರಿಸಿ ಶಾಲು ಹೊದಿಸಿ ಫೋಟೋ ತೆಗಿಸಿಕೊಳ್ತಾರ, ಮೈಕ್ ಮಾತ್ರ ಕೊಡಂಗಿಲ್ಲ. ಮುಗ್ಧ ಅಜ್ಜಿ ಅಂತ ಅಂದುಬಿಟ್ರ ಅಕಿನ್ನ ಕೇಳೋ ಕೆಲಸ ಉಳಿಯಂಗಿಲ್ಲ ಅಲ್ಲ.

ಗ್ರೀಸಿನ ತತ್ವಶಾಸ್ತ್ರಿ ಪ್ಲೇಟೋನ ಮೆನೊ ಅನ್ನೋ ಸಂವಾದದಾಗ ಒಂದು ಜಾಗ ಬರ್ತದ. ಸಾಕ್ರೆಟಿಸ್ ಮೆನೊ ಅನ್ನೋ ಧಣಿಯ ಒಬ್ಬ ಗುಲಾಮ ಹುಡುಗನನ್ನ ಕರೀತಾನ, ಗಣಿತ ಕಲ್ತವನಲ್ಲ ಅವ. ನೆಲದ ಮ್ಯಾಲೆ ಎರಡು ಅಡಿ ಬದಿಯ ಚೌಕ ಬರ್ದು ಇದರ ಎರಡರಷ್ಟು ಕ್ಷೇತ್ರಫಲ ಇರೋ ಚೌಕ ಬೇಕಂದ್ರ ಬದಿ ಎಷ್ಟಿರಬೇಕು ಅಂತ ಕೇಳ್ತಾನ. ಹುಡುಗ ಮೊದ್ಲು ನಾಕು ಅಡಿ ಅಂತಾನ, ಆಮ್ಯಾಲೆ ಮೂರು ಅಂತಾನ, ಎರಡೂ ತಪ್ಪು, ಅವನಿಗೇ ತಪ್ಪು ಅಂತ ತಿಳೀತದ, ನನಗ ಗೊತ್ತಿಲ್ಲ ಅಂತಾನ, ಕೊನಿಗೆ ಸಾಕ್ರೆಟಿಸ್ ಕೇಳ್ಕೋತ ಕೇಳ್ಕೋತ ಹೋದಂಗ ಕರ್ಣದ ಮ್ಯಾಲೆ ಚೌಕ ಕಟ್ಟಿದ್ರ ಸರಿ ಆಗ್ತದ ಅಂತ ಒಪ್ತಾನ. ಆ ‘ನನಗ ಗೊತ್ತಿಲ್ಲ’ ಅನ್ನೋ ಜಾಗ ಅದ ನೋಡ್ರಿ, ಅದು ಮುಗ್ಧತೆ ಅಲ್ಲ ಅಂತ ನನ್ನ ವಾದ. ಮೊದ್ಲು ಗೊತ್ತದ ಅಂದುಕೊಂಡು, ಹುಡುಕಿ, ತಪ್ಪಿ, ಆಮ್ಯಾಲೆ ಗೊತ್ತಿಲ್ಲ ಅನ್ನೋದು ಬಾಳ ಕಷ್ಟಪಟ್ಟು ಗಳಿಸಿದ್ದು. ಸಾಕ್ರೆಟಿಸ್ ತಾನೂ ಜೀವನಪೂರ್ತಿ ಹೇಳಿದ್ದು ಅದನ್ನೇ, ಕಡೀಕ ಕ್ರಿಸ್ತಪೂರ್ವ 399ರಾಗ ಅಥೆನ್ಸಿನವರು ಅವನಿಗೆ ವಿಷ ಕುಡಿಸಿದ್ರು. ಆದ್ರ ನನಗ ಬ್ಯಾಸರ ಆಗೋದು ಬ್ಯಾರೆ ಕಡೆ. ಆ ಹುಡುಗನ ಹೆಸರೇ ಪುಸ್ತಕದಾಗ ಇಲ್ಲ. ಕಲಿಯದೇನೇ ಮನುಷ್ಯನಿಗೆ ತಿಳಿಯೋ ಶಕ್ತಿ ಅದ ಅನ್ನೋದಕ್ಕ ಪುರಾವೆ ಆದವನೇ ಅವ, ಮೆನೊನ ಹೆಸರು ಎರಡು ಸಾವಿರ ವರ್ಷ ಉಳೀತು, ಹುಡುಗ ಬರೇ ಗುಲಾಮ ಹುಡುಗ. ಲೆಕ್ಕ ಮುಗಿದ ಮ್ಯಾಲೆ ಅವನನ್ನ ಯಾರೂ ಇನ್ನೇನೂ ಕೇಳಂಗಿಲ್ಲ.

ಹಂಗಂತ ಹಳ್ಳಿಯವ್ರಿಗೆ ಎಲ್ಲಾ ಗೊತ್ತದ, ಓದಿದವ್ರಿಗೆ ಏನೂ ಗೊತ್ತಿಲ್ಲ ಅಂತ ನಾನು ಹೇಳಾಕ ಹೊಂಟಿಲ್ಲ. ಅದೂ ಸುಳ್ಳೇ. ನಮ್ಮ ಮಸ್ಕಿಯನ್ನ ನೋಡ್ರಿ. ಅಲ್ಲಿ ಗುಡ್ಡದ ಬಂಡಿಗಲ್ಲು ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲದಿಂದ ಅಲ್ಲೇ ಅದ. ಆದ್ರ ಅದರ ಮ್ಯಾಲಿನ ಬ್ರಾಹ್ಮಿ ಅಕ್ಷರ ಓದೋ ವಿದ್ಯೆನೇ ಮರೆತು ಹೋಗಿತ್ತು, ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಆ ಲಿಪಿ ಬಿಡಿಸಿದ ಮ್ಯಾಲೆ ದಾರಿ ಆತು, 1915ರಾಗ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಮಸ್ಕಿ ಶಾಸನ ಬಿತ್ತು, ಅದರಾಗ ‘ಅಶೋಕ’ ಅಂತ ಹೆಸರು ಸಿಕ್ತು. ಅಲ್ಲಿತನಕ ಎಲ್ಲಾ ಶಾಸನದಾಗೂ ದೇವಾನಾಂಪ್ರಿಯ ಪ್ರಿಯದರ್ಶಿ ಅಂತಷ್ಟೇ ಇತ್ತು, ಅವನೇ ಅಶೋಕ ಅನ್ನೋದಕ್ಕ ಸಿಂಹಳದ ಗ್ರಂಥಗಳ ಆಧಾರ ಇತ್ತೇ ಹೊರ್ತು ಕಲ್ಲಿನ ಸಾಕ್ಷಿ ಇರಲಿಲ್ಲ. ನಮ್ಮ ಊರ ಬಂಡಿ ಆ ಸಾಕ್ಷಿ ಕೊಟ್ತು. ಆ ಓದು ಇಲ್ದಿದ್ರ ಬಂಡಿ ಬಂಡಿಯಾಗೇ ಇರ್ತಿತ್ತು. ನಾನು ಕಾಲೇಜಿಗೆ ಬಂದದ್ದೂ ಅದಕ್ಕೇ. ನಮ್ಮ ಹತ್ರ ಇದ್ದದ್ದನ್ನ ಓದಾಕ ಕಲೀಬೇಕು ಅಂತ. ಅದಕ್ಕ ಆ ಹಿರಿಯರು ಕಾಲೇಜು ಬಂದು ಮುಗ್ಧತೆ ಹಾಳಾತು ಅಂದಾಗ ನನಗ ಕೇಳಬೇಕನ್ನಿಸ್ತದ, ಅವರ ಮಕ್ಕಳನ್ನ ಮುಗ್ಧರಾಗಿ ಉಳೀಲಿ ಅಂತ ಮನಿಯಾಗ ಇಟ್ಕೊಂಡಿದ್ರೇನು?

ಇನ್ನ ಮುಗ್ಧತೆಯ ಇನ್ನೊಂದು ಮುಖ. ಇದನ್ನ ಬರೀಲಾರದೆ ಬಿಟ್ರ ನನ್ನ ಪತ್ರ ಅರ್ಧ ಆಗ್ತದ. ಕ್ಲಿಫರ್ಡ್ ಅನ್ನೋ ಇಂಗ್ಲಿಷ್ ಗಣಿತಜ್ಞ 1877ರಾಗ ಒಂದು ಲೇಖನ ಬರ್ದ. ಅದರಾಗ ಒಬ್ಬ ಹಡಗಿನ ಮಾಲೀಕ, ವಲಸೆ ಹೊಂಟ ಜನರನ್ನ ತುಂಬಿಕೊಂಡು ಹಡಗು ಕಳಿಸಬೇಕು. ಹಡಗು ಹಳೇದು, ಸಮುದ್ರಕ್ಕ ತಡಕೊಳ್ಳಂಗಿಲ್ಲ ಅಂತ ಅವನಿಗೆ ಅನುಮಾನ ಬಂತು, ರಿಪೇರಿಗೆ ರೊಕ್ಕ ಬಾಳ ಆಗ್ತದ. ಇಷ್ಟು ಸಲ ಹೋಗಿ ಬಂದದ, ಈ ಸಲನೂ ಬರ್ತದ, ದೇವರು ಅದಾನ ಅಂತ ಮನಸ್ಸಿಗೆ ಹೇಳ್ಕೋತ ಹೇಳ್ಕೋತ ಕಡೀಕ ಖರೇನೇ ನಂಬಿಬಿಟ್ಟ. ಹಡಗು ಮುಳುಗ್ತು, ಅವ ಇನ್ಶೂರೆನ್ಸ್ ತಗೊಂಡ. ಅವ ಮನಃಪೂರ್ವಕವಾಗಿ ನಂಬಿದ್ದ, ಸುಳ್ಳು ಹೇಳಿರಲಿಲ್ಲ. ಆದ್ರೂ ಆ ಜನರ ಸಾವಿಗೆ ಅವನೇ ತಪ್ಪಿತಸ್ಥ ಅಂತಾನ ಕ್ಲಿಫರ್ಡ್, ಯಾಕಂದ್ರ ತನ್ನ ಮುಂದಿದ್ದ ಸಾಕ್ಷಿಯ ಮ್ಯಾಲೆ ಹಂಗ ನಂಬೋ ಹಕ್ಕೇ ಅವನಿಗಿರಲಿಲ್ಲ. ಹಡಗು ಮುಳುಗದೆ ದಡ ಮುಟ್ಟಿದ್ರೂ ಅವನ ತಪ್ಪು ತಪ್ಪೇ ಅಂತಾನ. ನನಗ ಇದು ಬಾಳ ದೊಡ್ಡ ಮಾತು ಅನ್ನಿಸ್ತದ.

ಬಳ್ಳಾರಿ ಗಣಿಗಾರಿಕೆ ಜೋರಿದ್ದಾಗ ನಾನು ಸಣ್ಣಾಕಿ. ಸಂಡೂರು ಕಡೆ ನಮ್ಮ ಸೋದರಮಾವನ ಮನಿ, ಅಲ್ಲಿಗೆ ಹೋದಾಗೆಲ್ಲಾ ಗಿಡದ ಎಲಿ, ಮನಿ ಗ್ವಾಡಿ, ಒಣ ಹಾಕಿದ ಬಟ್ಟಿ ಎಲ್ಲಾ ಕೆಂಪು ಧೂಳು, ಲಾರಿ ಸಾಲು ಮುಗೀತಿದ್ದಿಲ್ಲ. ಮಾವ ಹೇಳ್ತಿದ್ದ, ಇಷ್ಟು ಲಾರಿ ಪರ್ಮಿಟ್ ಇದ್ದು ಹೋಗ್ತಾವೇನು, ಎಲ್ಲಾರಿಗೂ ಕಾಣ್ತದ ಅಂತ. 2011ರ ಜುಲೈನಾಗ ಲೋಕಾಯುಕ್ತರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಾಗ ಗಣಿಗಾರಿಕೆ ನಿಲ್ಲಿಸ್ತು. ಅಲ್ಲಿತನಕ ದೊಡ್ಡ ದೊಡ್ಡವರ ಬಾಯಾಗ ಬಂದ ಮಾತು ಒಂದೇ, ನಮ್ಮ ಗಮನಕ್ಕೆ ಬಂದಿಲ್ಲ. ಇದು ಆ ಹಡಗಿನ ಮಾಲೀಕನ ಮುಗ್ಧತೆ. ನೋಡಬಾರದು ಅಂತ ನಿರ್ಧಾರ ಮಾಡಿ ನೋಡದೇ ಇರೋದು. ಮಾವ ಕಂಡಿದ್ದ, ಕಂಡಂಗ ಹೇಳಿದ್ದ, ವಾತ್ಸ್ಯಾಯನನ ಲೆಕ್ಕದಾಗ ಅವ ಆಪ್ತ, ಅವನ ಮಾತು ಪ್ರಮಾಣ, ಆದ್ರ ಅವ ಮುಗ್ಧ ಹಳ್ಳಿಯವ ಆದ, ನೋಡದವ್ರು ಸಾಹೇಬ್ರಾದ್ರು.

ಆದ್ರ ಕ್ಲಿಫರ್ಡನ ಮಾತು ಸಾಹೇಬ್ರಿಗೆ ಅನ್ವಯ ಆದ್ರ ನಮ್ಮ ಜನಕ್ಕೂ ಅನ್ವಯ ಆಗಬೇಕು, ನಾನು ಅದನ್ನ ಬಿಡಂಗಿಲ್ಲ. 2018ರ ಜುಲೈನಾಗ ಬೀದರ ಜಿಲ್ಲೆ ಔರಾದ ತಾಲೂಕಿನಾಗ ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸಾಪಿನಾಗ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನ ಜನ ಬಡಿದು ಕೊಂದ್ರು. ಆವಾಗೂ ಕೆಲವರು ಹೇಳಿದ್ರು, ಪಾಪ ಮುಗ್ಧ ಜನ, ವದಂತಿ ನಂಬಿದ್ರು ಅಂತ. ಇಲ್ಲ. ಫಾರ್ವರ್ಡ್ ಬಂದದ್ದನ್ನ ಯಾರು ಕಂಡಾರ, ಎಲ್ಲಿ ನಡೆದದ ಅಂತ ಕೇಳದೆ ಕಲ್ಲು ಎತ್ತಿದವ್ರಿಗೆ ಮುಗ್ಧತೆಯ ಹೆಸರಿನಾಗ ಮಾಫಿ ಕೊಟ್ರ ಅವ್ರನ್ನ ಮನುಷ್ಯರ ಲೆಕ್ಕಕ್ಕೇ ಹಿಡೀಲಿಲ್ಲ ಅಂದಂಗಾತು. ನಮ್ಮನ್ನ ತಿಳಿದೋರು ಅಂತ ಹಿಡೀರಿ, ಆವಾಗ ನಮ್ಮ ಮಾತಿಗೆ ಬೆಲೆ ಬರ್ತದ, ನಮ್ಮ ತಪ್ಪಿಗೆ ನಾವೇ ಹೊಣೆನೂ ಆಗ್ತೀವಿ. ಎರಡೂ ಬೇಕು ನಮಗ. ಒಂದು ಕೊಟ್ಟು ಒಂದು ಇಟ್ಕೋಬ್ಯಾಡ್ರಿ.

ಮುತ್ತು ಕಟ್ಟೋದರ ಬಗ್ಗೆನೂ ಬರೀಬೇಕು, ನಮ್ಮ ಮೂರೂ ಜಿಲ್ಲೆಯಾಗ ಇದು ಇದ್ದದ್ದೇ. ಸಣ್ಣ ಹುಡುಗಿಗೆ ಕೊರಳಾಗ ಮುತ್ತು ಕಟ್ಟಿ ದೇವದಾಸಿ ಅಂತ ದೇವರಿಗೆ ಬಿಡೋದು, ಆಮ್ಯಾಲೆ ಅಕಿ ಜೀವನ ಏನಾಗ್ತದ ಅಂತ ಎಲ್ಲಾ ದೊಡ್ಡವರಿಗೂ ಗೊತ್ತು, ಅಕಿಗೊಬ್ಬಾಕಿಗೆ ಗೊತ್ತಿಲ್ಲ. ಮದ್ರಾಸ್ ಪ್ರಾಂತ್ಯದಾಗ 1947ರಾಗೇ ಕಾಯ್ದೆ ಆಗಿತ್ತು, ಬಳ್ಳಾರಿ ಆವಾಗ ಅದರಾಗಿತ್ತು, ರಾಯಚೂರು ಕೊಪ್ಪಳ ನಿಜಾಮರ ಕಡೆ ಇದ್ದದ್ದಕ್ಕ ಆ ಕಾಯ್ದೆ ನಮ್ಮ ಕಡೆ ಬರಲಿಲ್ಲ, ಕರ್ನಾಟಕದ ಕಾಯ್ದೆ 1982ರದ್ದು. ಈ ಹುಡುಗಿಯರ ಮುಗ್ಧತೆ ಇದ್ದದ್ದಲ್ಲ, ಉಳಿಸಿದ್ದು. ತಿಳಿದ್ರ ಒಲ್ಲೆ ಅಂದಾಳು ಅಂತ ತಿಳಿಯೋಕಿಂತ ಮೊದ್ಲು ಕಟ್ಟೋದು. ಕೊಡಗೂಸಿನ ಕತಿ ಓದಿ ಕಣ್ಣೀರು ಹಾಕೋ ನಾಡಿನಾಗ ಇದು ಇಷ್ಟು ವರ್ಷ ನಡೀತು ಅಂದ್ರ ಮುಗ್ಧತೆಯನ್ನ ಹೊಗಳೋದು ಎಷ್ಟು ಅಪಾಯದ ಕೆಲಸ ಅಂತ ಆ ಹಿರಿಯರು ಒಂದು ಸಲ ವಿಚಾರ ಮಾಡಬೇಕು ಅಂತ ಕೈ ಮುಗಿದು ಕೇಳ್ತೀನಿ. ಈ ಹುಡುಗಿಯರಿಗೆ ಬೇಕಾಗಿದ್ದದ್ದು ಜ್ಞಾನ, ಬರೇ ಜ್ಞಾನ, ಅದೂ ಟೈಮಿಗೆ ಸರಿಯಾಗಿ.

ಸತ್ಯದ ವಿಷಯಕ್ಕ ಬಂದ್ರ ಇದು ಇನ್ನೂ ತೊಡಕಾಗ್ತದ. ಪುಣ್ಯಕೋಟಿ ಹಾಡು ಕೇಳಿ ಬೆಳೆದವ್ರು ನಾವು, ಕೊಟ್ಟ ಮಾತಿಗೆ ತಪ್ಪಬಾರದು, ಸತ್ಯವೇ ತಾಯಿ ತಂದೆ. ನನಗ ಈಗೂ ಆ ಹಾಡು ಕೇಳಿದ್ರ ಗಂಟಲು ಕಟ್ತದ. ಆದ್ರ ಮಹಾಭಾರತದ ಕರ್ಣಪರ್ವದಾಗ ಕೃಷ್ಣ ಅರ್ಜುನನಿಗೆ ಇನ್ನೊಂದು ಕತಿ ಹೇಳ್ತಾನ, ಕೌಶಿಕನ ಕತಿ. ಕೌಶಿಕ ಅನ್ನೋ ತಪಸ್ವಿ, ಸತ್ಯವನ್ನೇ ಹೇಳ್ತೀನಿ ಅಂತ ವ್ರತ ತೊಟ್ಟಾವ. ಒಂದು ದಿನ ಕಳ್ಳರಿಗೆ ಹೆದರಿ ಓಡಿ ಬಂದ ಜನ ಅವನ ಆಶ್ರಮದ ಹತ್ರದ ಕಾಡಿನಾಗ ಅಡಗಿದ್ರು. ಹಿಂದ ಕಳ್ಳರು ಬಂದು, ಸ್ವಾಮಿ ನೀವು ಸತ್ಯವಂತರು, ಹೇಳ್ರಿ, ಎಲ್ಲಿ ಹೋದ್ರು ಅಂದ್ರು. ಕೌಶಿಕ ತೋರಿಸಿದ. ಕಳ್ಳರು ಎಲ್ಲಾರನ್ನೂ ಕೊಂದ್ರು. ಕೌಶಿಕ ನರಕಕ್ಕ ಹೋದ ಅಂತಾನ ಕೃಷ್ಣ. ಜರ್ಮನಿಯ ಕಾಂಟ್ 1797ರಾಗ ಬರ್ದ ಒಂದು ಲೇಖನದಾಗ ಇದರ ತಿರುವಮುರುವ ವಾದ ಮಾಡ್ಯಾನ, ಕೊಲೆಗಾರ ಬಂದು ಬಾಗಿಲಿಗೆ ನಿಂತು ನಿನ್ನ ಗೆಳೆಯ ಒಳಗದಾನೇನು ಅಂತ ಕೇಳಿದ್ರೂ ಸುಳ್ಳು ಹೇಳಬಾರದು ಅಂತ. ಇಬ್ಬರನ್ನೂ ಎದುರು ಬದುರು ಇಟ್ಟು ನಾನು ಬಾಳ ವಿಚಾರ ಮಾಡೀನಿ. ನನಗ ಕೃಷ್ಣನ ಮಾತೇ ಸರಿ ಅನ್ನಿಸ್ತದ. ಕೌಶಿಕನಿಗೆ ತನ್ನ ವ್ರತ ಗೊತ್ತಿತ್ತು, ಮುಂದಿದ್ದ ಕಳ್ಳರ ಕೈಯಾಗ ಏನಿತ್ತು ಅಂತ ಅವ ನೋಡಲಿಲ್ಲ. ತನ್ನ ಬಾಯಿ ಶುದ್ಧ ಇದ್ರ ಸಾಕು ಅನ್ನೋದು ಒಂಥರಾ ಮುಗ್ಧತೆನೇ, ಅದರ ರೊಕ್ಕ ಕಟ್ಟಿದವ್ರು ಮಾತ್ರ ಕಾಡಿನಾಗ ಅಡಗಿದವ್ರು. ಪುಣ್ಯಕೋಟಿ ಹಂಗಲ್ಲ ನೋಡ್ರಿ, ಅದು ಕೊಟ್ಟ ಮಾತಿಗೆ ತನ್ನ ಜೀವ ಇಟ್ತು, ಇನ್ನೊಬ್ಬರ ಜೀವ ಇಡಲಿಲ್ಲ. ಹೋಗೋ ಮುಂದ ಕರುವನ್ನ ತಂಗಿ ಅಕ್ಕಂದಿರ ಕೈಯಾಗ ಒಪ್ಪಿಸಿ ಹೋತು. ಅದಕ್ಕ ಎಲ್ಲಾ ಗೊತ್ತಿತ್ತು, ಹುಲಿ ತಿಂತದ ಅಂತನೂ ಗೊತ್ತಿತ್ತು, ಕರು ತಬ್ಬಲಿ ಆಗ್ತದ ಅಂತನೂ ಗೊತ್ತಿತ್ತು, ಗೊತ್ತಿದ್ದೇ ಹೋತು. ಅದನ್ನ ಮುಗ್ಧ ಹಸು ಅಂತ ಕರಿಯೋರನ್ನ ಕಂಡ್ರ ನನಗ ಸಿಟ್ಟು ಬರ್ತದ.

ನಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನೂ ಹಂಗೇ. ಗಂಡ ಮಾರಯ್ಯ ಕಲ್ಯಾಣದಾಗ ಬಸವಣ್ಣನ ಅಂಗಳದಾಗ ಚೆಲ್ಲಿದ ಅಕ್ಕಿ ಆಯ್ದು ತರೋ ಕಾಯಕದವ. ಒಂದು ದಿನ ಹೆಚ್ಚು ಅಕ್ಕಿ ತಂದ. ಅಕಿ ನೋಡಿದ ಕೂಡ್ಲೆ ಹಿಡಿದಳು, ಇದು ನಮ್ಮ ದಿನದ ಅಕ್ಕಿ ಅಲ್ಲ, ವಾಪಸ್ ಸುರಿದು ಬಾ ಅಂದಳು. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ’ ಅಂತ ಅಕಿ ವಚನ. ‘ಈಸಕ್ಕಿಯಾಸೆ ನಿಮಗೇಕೆ’ ಅಂತಾಳ ಗಂಡನಿಗೆ. ಈ ಹೆಣ್ಣುಮಗಳು ತನ್ನ ಮನಿಗೆ ಎಷ್ಟು ಅಕ್ಕಿ ಬೇಕು, ಹೆಚ್ಚಾದದ್ದು ಎಲ್ಲಿಂದ ಬಂತು ಅಂತ ತಿಳಿದಾಕಿ, ತಿಳಿದದ್ದನ್ನ ಗಂಡನ ಮುಂದ ಹೇಳಿದಾಕಿ, ಗಂಡ ಕೇಳಿದ, ಅದೂ ದೊಡ್ಡದು. ಮಾರಯ್ಯ ಕೇಳಿದಂಗ ಕೋಳೂರಿನ ಅಪ್ಪ ಕೇಳಿದ್ರ ಕೂಸು ಉಳೀತಿತ್ತು. ಅಕ್ಕಿ ಆಯೋ ಮನಿತನದ ಈ ಹೆಣ್ಣುಮಗಳ ವಚನವನ್ನ ನಾವು ಎಂಟುನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಜ್ಞಾನ ಅಂತ ಓದ್ಕೋತ ಬಂದೀವಿ, ಇವತ್ತು ಅದೇ ತಾಲೂಕಿನಿಂದ ಬೆಂಗಳೂರಿಗೆ ಗುಳೇ ಹೋಗಿ ಕಟ್ಟಡದ ಕೆಲಸ ಮಾಡೋ ಹೆಣ್ಣುಮಗಳು ಕಾಂಟ್ರಾಕ್ಟರ್ ಕೂಲಿ ಲೆಕ್ಕ ತಪ್ಪು ಹಿಡ್ಯಾನ ಅಂದ್ರ ನಿನಗೇನು ತಿಳೀತದ ಸುಮ್ನಿರು ಅಂತೀವಿ.

ಮಿರಾಂಡಾ ಫ್ರಿಕರ್ ಅನ್ನೋ ತತ್ವಶಾಸ್ತ್ರಜ್ಞೆ 2007ರಾಗ ಬರ್ದ ಪುಸ್ತಕದಾಗ ಇದಕ್ಕೊಂದು ಅನ್ಯಾಯ ಅಂತನೇ ಹೆಸರಿಟ್ಟಾರ, ಹೇಳೋರ ಲಿಂಗ ಬಣ್ಣ ನೋಡಿ ಅವರ ಮಾತಿನ ತೂಕ ಕಡಿಮಿ ಮಾಡೋದು, ತಿಳಿದವರು ಅನ್ನೋ ಅವರ ಸ್ಥಾನಕ್ಕೇ ಪೆಟ್ಟು ಕೊಡೋದು. ರೊಕ್ಕ ಕಸಗೊಂಡ್ರ ಅನ್ಯಾಯ ಅಂತ ಎಲ್ಲಾರಿಗೂ ಕಾಣ್ತದ, ಇದು ಕಾಣಂಗಿಲ್ಲ, ಅದಕ್ಕ ಹೆಚ್ಚು ನಡೀತದ. 2022ರ ಮೇ ಜೂನ್‌ನಾಗ ರಾಯಚೂರು ಸಿಟಿಯೊಳಗ ಕಲುಷಿತ ನೀರು ಕುಡಿದು ಜನ ಸತ್ರು, ನಿಮ್ಮ ಪೇಪರಿನಾಗೂ ಬಂದಿತ್ತು. ಕೊಡ ಹಿಡಿದು ನಳದ ಮುಂದ ನಿಲ್ಲೋ ಹೆಂಗಸರಿಗೆ ನೀರಿನ ವಾಸನಿ, ಬಣ್ಣ ಲ್ಯಾಬಿನ ರಿಪೋರ್ಟಿಗಿಂತ ಮೊದ್ಲು ಗೊತ್ತಾಗ್ತದ, ಅದನ್ನ ಬರ್ಕೊಳ್ಳೋ ಒಂದು ರಜಿಸ್ಟರ್ ಪ್ರತಿ ವಾರ್ಡಿನಾಗ ಇರಬೇಕು, ಅಕಿ ಹೇಳಿದ್ದನ್ನ ಹೇಳಿದಂಗ ಬರೀಬೇಕು, ಅದರ ಮ್ಯಾಲೆ ಟೆಸ್ಟ್ ಮಾಡಿಸಬೇಕು, ರಿಸಲ್ಟ್ ಬಂದ ಮ್ಯಾಲೆ ಅಕಿಗೆ ವಾಪಸ್ ತಿಳಿಸಬೇಕು. ತತ್ವಶಾಸ್ತ್ರ ಓದಿ ಏನು ಉಪಯೋಗ ಅಂತ ನಮ್ಮ ಮನಿಯಾಗೂ ಕೇಳ್ತಾರ, ನನಗ ಇದೇ ಉಪಯೋಗ ಅನ್ನಿಸ್ತದ.

ಸಂಪಾದಕರೇ, ನಿಮ್ಮ ಹತ್ರ ಎರಡು ಬೇಡಿಕಿ ಅದಾವ. ನಮ್ಮ ಭಾಗದ ಸುದ್ದಿ ಬರಿಯೋವಾಗ ಮುಗ್ಧ ಜನ, ಮುಗ್ಧ ರೈತರು, ಮುಗ್ಧ ಕೂಲಿಕಾರರು ಅಂತ ಬರಿಯೋದನ್ನ ನಿಮ್ಮ ವರದಿಗಾರರು ಬಿಡಲಿ, ಅದರ ಜಾಗದಾಗ ಆ ರೈತ ಏನು ಕಂಡ, ಏನು ಹೇಳಿದ ಅಂತ ಅವನ ಹೆಸರು ಹಾಕಿ ಎರಡು ಸಾಲು ಹೆಚ್ಚಿಗಿ ಬರೀಲಿ. ಕಾಲುವೆ ಕೊನಿ ಭಾಗಕ್ಕ ನೀರು ಬಂದಿಲ್ಲ ಅನ್ನೋ ಸುದ್ದಿಯಾಗ ಎಂಜಿನಿಯರ್ ಹೇಳಿದ್ದು ಅರ್ಧ ಕಾಲಂ ಇರ್ತದ, ಹೊಲದವ ಹೇಳಿದ್ದು ಒಂದು ಸಾಲು, ಅದೂ ‘ಅಳಲು ತೋಡಿಕೊಂಡರು’ ಅಂತ. ಅವ ಅಳಲಿಲ್ಲ ಸರ್, ಗೇಜಿನಾಗ ನೀರು ಎಷ್ಟಿತ್ತು, ಯಾವ ತೂಬಿನ ಹತ್ರ ಪೋಲಾಗ್ತದ ಅಂತ ಮಾಹಿತಿ ಕೊಟ್ಟ.

ಎರಡನೇದು, ಕಲ್ಯಾಣ ಕರ್ನಾಟಕದಾಗ ನಮ್ಮದರಂಥ ಡಿಗ್ರಿ ಕಾಲೇಜುಗಳಾಗ ತತ್ವಶಾಸ್ತ್ರ ಓದಾಕ ದಾರಿ ಇಲ್ಲ, ಆಯ್ಕೆಯ ಪೇಪರ್ ಆಗೆರ ಇಡಬೇಕು ಅಂತ ನಿಮ್ಮ ಪೇಪರಿನಾಗ ಒಂದು ಚರ್ಚೆ ಮಾಡಿಸ್ರಿ. ಕನ್ನಡದಾಗ ಪುಸ್ತಕ ಕಡಿಮಿ ಅವ ಅನ್ನೋದು ಖರೆ, ಇದ್ದವೂ ಲೈಬ್ರರಿಯಾಗ ಇಲ್ಲ. ನಾ ಇಲ್ಲಿ ಬರ್ದದ್ದರಾಗ ಅರ್ಧ ನಾನು ಇಂಗ್ಲಿಷಿನಾಗ ಡಿಕ್ಷನರಿ ಮಗ್ಗಲಿಗೆ ಇಟ್ಕೊಂಡು ಓದಿದ್ದು. ನ್ಯಾಯಭಾಷ್ಯದ ಆ ಆಪ್ತನ ಭಾಗ, ಮೆನೊದ ಹುಡುಗನ ಭಾಗ, ಕ್ಲಿಫರ್ಡನ ಹಡಗು, ಇಷ್ಟೆರ ಒಳ್ಳೆ ಕನ್ನಡದಾಗ ಒಂದು ಸಣ್ಣ ಪುಸ್ತಕ ಆಗಿ ಬಂದ್ರ ನಮ್ಮಂಥವ್ರಿಗೆ ಬಾಳ ಅನುಕೂಲ ಆಗ್ತದ, ಯಾರರ ತಿಳಿದವ್ರು ಮನಸ್ಸು ಮಾಡಬೇಕು.

ಆ ಪತ್ರ ಬರೆದ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸ್ರಿ. ನಾ ಬರ್ದದ್ದು ಒಪ್ಪಿಗಿ ಆಗದಿದ್ರ ಅವರು ಇದೇ ಕಾಲಮ್ಮಿನಾಗ ಉತ್ತರ ಬರೀಲಿ, ಅದರಾಗೂ ಕೌಶಿಕನ ವಿಷಯದಾಗ ಅವರು ಕೃಷ್ಣನ ಕಡೆನೋ ಕಾಂಟ್ ಕಡೆನೋ ಅಂತ ತಿಳ್ಕೋಬೇಕು ಅಂತ ನನಗ ಬಾಳ ಆಸೆ ಅದ.

ಇಂತಿ ನಿಮ್ಮ ಓದುಗಾರ್ತಿ,
ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ,
ರಾಯಚೂರು